ಮಲೆನಾಡಿನ ಮನೆಯಲ್ಲಿ ಹವಳದ ತೊಟ್ಟಿ: ಪ್ರೋಟೀನ್ ಸ್ಕಿಮ್ಮರ್ ಬೇಕೇ ಬೇಕೇ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳಲ್ಲಿ ಉಪ್ಪುನೀರಿನ ತೊಟ್ಟಿ ಕಟ್ಟಿಸಿ ಹವಳ ಸಾಕಲು ಮನಸ್ಸು ಮಾಡಿದವರು ಗಾಜು, ದೀಪ, ಪಂಪುಗಳ ಖರ್ಚನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ಪಟ್ಟಿಯ ಕೊನೆಯಲ್ಲಿ ಬರುವ, ನೀರಿನ ಕೊಳೆಯನ್ನು ನೊರೆಯ ಜೊತೆ ಹೊರಹಾಕುವ ಪ್ರೋಟೀನ್ ಸ್ಕಿಮ್ಮರ್ ಎಂಬ ಉಪಕರಣದ ಮುಂದೆ ಮಾತ್ರ ಅನುಮಾನಿಸಿ ನಿಲ್ಲುತ್ತಾರೆ. ಅದಿಲ್ಲದೆ ಹವಳ ಬದುಕುವುದೇ ಇಲ್ಲವೆಂದು ಕೆಲವರು ಹೇಳಿದರೆ, ಅದು ದುಡ್ಡು ದಂಡವೆಂದು ಇನ್ನು ಕೆಲವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ತೊಟ್ಟಿಯ ಗಾತ್ರ, ಅದರೊಳಗಿನ ಜೀವಿಗಳು, ದಿನವೂ ಬೀಳುವ ಆಹಾರ ಮತ್ತು ತೊಟ್ಟಿ ಇರುವ ಮನೆಯ ಗಾಳಿ ಇವಿಷ್ಟನ್ನೂ ನೋಡದೆ ಕೊಡುವ ಯಾವ ಉತ್ತರವೂ ನಂಬತಕ್ಕದ್ದಲ್ಲ. ಇವುಗಳಲ್ಲಿ ಕೊನೆಯದನ್ನು, ಅಂದರೆ ಗಾಳಿಯನ್ನು, ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಲೆನಾಡಿನ ಮಟ್ಟಿಗೆ ಬಹಳ ಸಲ ತೀರ್ಮಾನವಾಗಬೇಕಾದದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಆಹಾರದ ಲೆಕ್ಕ. ಮೀನುಗಳಿಗೆ ಹಾಕುವ ಒಣ ಆಹಾರದಲ್ಲಿ ಸರಿಸುಮಾರು ಅರ್ಧದಷ್ಟು ಪ್ರೋಟೀನ್ ಇರುತ್ತದೆ, ಪ್ರೋಟೀನಿನ ತೂಕದಲ್ಲಿ ಶೇಕಡ 16ರಷ್ಟು ಸಾರಜನಕ. ಹಾಗಾಗಿ ಒಂದು ಗ್ರಾಂ ಆಹಾರದಲ್ಲಿ 80 ಮಿಲಿಗ್ರಾಂ ಸಾರಜನಕವಿದ್ದು, ಅದೆಲ್ಲವೂ ಕೊಳೆತು ಬ್ಯಾಕ್ಟೀರಿಯಾಗಳ ಕೈಯಲ್ಲಿ ಅಮೋನಿಯಾ, ನೈಟ್ರೈಟ್ ಆಗಿ ಕೊನೆಗೆ ನೈಟ್ರೇಟ್ ರೂಪಕ್ಕೆ ಬಂದರೆ ಸುಮಾರು 350 ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ಅದು ಲೀಟರಿಗೆ 1.75 ಮಿಲಿಗ್ರಾಂ, ದಿನಕ್ಕೊಂದು ಗ್ರಾಂ ಹಾಕುತ್ತ ಹೋದರೆ ವಾರದಲ್ಲಿ 12 ಮಿಲಿಗ್ರಾಂ. ಇದರಲ್ಲಿ ಒಂದು ಪಾಲು ಮೀನಿನ ಮೈಗೆ ಹತ್ತುತ್ತದೆ, ಒಂದು ಪಾಲನ್ನು ಪಾಚಿಯೂ ಹವಳವೂ ಹೀರಿಕೊಳ್ಳುತ್ತವೆ, ಒಂದು ಪಾಲು ಬಂಡೆಯ ಒಳಗಿನ ಆಮ್ಲಜನಕವಿಲ್ಲದ ಜಾಗದಲ್ಲಿ ಅನಿಲವಾಗಿ ಹೊರಟುಹೋಗುತ್ತದೆ. ಉಳಿದದ್ದನ್ನು ಹೊರಹಾಕುವ ಹೊಣೆ ಸಾಕುವವರದು. ನೀರು ಬದಲಿಸುವುದು, ಪಾಚಿ ಬೆಳೆಸಿ ಕಿತ್ತು ಎಸೆಯುವುದು, ಸ್ಕಿಮ್ಮರ್ ಇಡುವುದು, ಇವೆಲ್ಲ ಆ ಒಂದೇ ಕೆಲಸದ ಬೇರೆ ಬೇರೆ ದಾರಿಗಳು. ಸ್ಕಿಮ್ಮರ್‌ನ ವಿಶೇಷವೆಂದರೆ, ಉಳಿದವು ಕೊಳೆತು ಮುಗಿದ ಮೇಲಿನ ಪದಾರ್ಥವನ್ನು ತೆಗೆಯುತ್ತವೆ, ಇದು ಕೊಳೆಯುವ ಮುಂಚೆಯೇ ತೆಗೆಯುತ್ತದೆ.

ಅದು ತೆಗೆಯುವ ರೀತಿ ಸರಳವಾದದ್ದು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕಶ್ಮಲವೆಲ್ಲ ನೊರೆಯ ಜೊತೆ ಮೇಲಕ್ಕೆ ಬರುವುದನ್ನೂ, ಅದನ್ನು ಜಾಲರಿಯಿಂದ ಬಳಿದು ತೆಗೆಯುವುದನ್ನೂ ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಇಲ್ಲಿ ಬೆಂಕಿಯ ಬದಲು ಗಾಳಿಯ ಸಣ್ಣ ಗುಳ್ಳೆಗಳು ಆ ಕೆಲಸ ಮಾಡುತ್ತವೆ. ಪ್ರೋಟೀನ್ ಮತ್ತು ಕೊಬ್ಬಿನಂಥ ಅಣುಗಳಲ್ಲಿ ನೀರಿಗೆ ಒಗ್ಗುವ ಭಾಗವೂ ನೀರಿಗೆ ಒಗ್ಗದ ಭಾಗವೂ ಒಟ್ಟಿಗೇ ಇರುವುದರಿಂದ, ಗಾಳಿಗುಳ್ಳೆ ಎದುರಾದಾಗ ಅವು ಒಗ್ಗದ ಭಾಗವನ್ನು ಗಾಳಿಯ ಕಡೆಗೂ ಒಗ್ಗುವ ಭಾಗವನ್ನು ನೀರಿನ ಕಡೆಗೂ ಚಾಚಿ ಗುಳ್ಳೆಯ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಗುಳ್ಳೆಗಳು ಮೇಲೇರಿ ನೊರೆಯಾಗಿ, ಕಿರಿದಾದ ಕತ್ತಿನೊಳಗೆ ಒಂದನ್ನೊಂದು ತಳ್ಳುತ್ತ, ನೀರನ್ನು ಸೋರಿಸಿಕೊಂಡು ಗಟ್ಟಿಯಾಗಿ, ಮೇಲಿನ ಬಟ್ಟಲಿಗೆ ಉಕ್ಕಿ ಬೀಳುತ್ತವೆ. ಗುಳ್ಳೆ ಚಿಕ್ಕದಾದಷ್ಟೂ ಅಂಟಿಕೊಳ್ಳಲು ಜಾಗ ಹೆಚ್ಚು: ಒಂದು ಲೀಟರ್ ಗಾಳಿಯನ್ನು ಮೂರು ಮಿಲಿಮೀಟರ್ ಅಗಲದ ಗುಳ್ಳೆಗಳಾಗಿ ಒಡೆದರೆ ಒಟ್ಟು ಮೇಲ್ಮೈ ಎರಡು ಚದರ ಮೀಟರ್ ಆಗುತ್ತದೆ, ಅರ್ಧ ಮಿಲಿಮೀಟರ್ ಗುಳ್ಳೆಗಳಾಗಿ ಒಡೆದರೆ ಹನ್ನೆರಡು ಚದರ ಮೀಟರ್. ಪಂಪಿನ ರೆಕ್ಕೆಗೆ ಸೂಜಿಯಂಥ ಕಡ್ಡಿಗಳನ್ನು ಕೂರಿಸಿರುವುದು ಇದಕ್ಕಾಗಿಯೇ. ಸಿಹಿನೀರಿನ ತೊಟ್ಟಿಯಲ್ಲಿ ಇದೇ ಯಂತ್ರ ಕೆಲಸ ಮಾಡುವುದಿಲ್ಲ, ಏಕೆಂದರೆ ಸಿಹಿನೀರಿನಲ್ಲಿ ಸಣ್ಣ ಗುಳ್ಳೆಗಳು ತಕ್ಷಣ ಒಂದರೊಳಗೊಂದು ಸೇರಿ ದೊಡ್ಡದಾಗುತ್ತವೆ. ಹಾಗೆ ಸೇರದಂತೆ ತಡೆಯುವುದು ಸಮುದ್ರದ ನೀರಿನ ಉಪ್ಪು.

ಇಷ್ಟು ತಿಳಿದರೆ ಸ್ಕಿಮ್ಮರ್ ಏನು ಮಾಡಲಾರದು ಎಂಬುದೂ ತಿಳಿಯುತ್ತದೆ. ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಅಯಾನುಗಳು ನೀರಿನಲ್ಲಿ ಪೂರ್ತಿ ಕರಗಿಕೊಂಡು ಇರುವಂಥವು, ಗುಳ್ಳೆಗೆ ಅಂಟುವಂಥವಲ್ಲ. ಆದುದರಿಂದ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಮುಟ್ಟಿದ ಮೇಲೆ ಸ್ಕಿಮ್ಮರ್ ತಂದು ಕೂರಿಸಿ, ಮರುವಾರ ಅದು ಇಳಿದಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ನೀರನ್ನು ಹಳದಿಯಾಗಿಸುವ ಪದಾರ್ಥಗಳಲ್ಲೂ ಹೆಚ್ಚಿನ ಪಾಲು ಉಳಿದುಬಿಡುತ್ತದೆ; ಅದಕ್ಕೆ ಸಕ್ರಿಯ ಇದ್ದಿಲೇ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಬೇರೆ ಬೇರೆ ಸ್ಕಿಮ್ಮರ್‌ಗಳನ್ನು ಅಳತೆಗೆ ಹಚ್ಚಿದಾಗ, ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲದಲ್ಲಿ ಶೇಕಡ 20ರಿಂದ 30ರಷ್ಟನ್ನು ಮಾತ್ರ ಅವು ತೆಗೆಯಬಲ್ಲವು ಎಂದು ಕಂಡುಬಂತು. ಯಂತ್ರ ನಿರುಪಯುಕ್ತ ಎಂದು ಇದರಿಂದ ಹೇಳಿದಂತಾಗುವುದಿಲ್ಲ. ಆ ಪಾಲು ದಿನವೂ, ರಾತ್ರಿಯೂ, ನಾವು ಊರಿನಲ್ಲಿಲ್ಲದಾಗಲೂ ಹೊರಹೋಗುತ್ತಿರುತ್ತದೆ. ಆದರೆ ಒಂದು ಕಂಪನಿಯ ಯಂತ್ರಕ್ಕೂ ಇನ್ನೊಂದರದಕ್ಕೂ ನೀರಿನ ಶುದ್ಧಿಯಲ್ಲಿ ಭೂಮಿ ಆಕಾಶದ ಅಂತರವಿದೆ ಎನ್ನುವ ಮಾತನ್ನು ಮಾತ್ರ ಒಪ್ಪಬೇಕಾಗಿಲ್ಲ.

ಸ್ಕಿಮ್ಮರ್ ಇಲ್ಲದೆ ಹವಳ ಬದುಕಿಸಿದ ದಾಖಲೆ ಹಳೆಯದು. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಸಮುದ್ರದ ನೀರು, ಸಮುದ್ರದಿಂದ ತಂದ ಜೀವಂತ ಬಂಡೆ (ಬ್ಯಾಕ್ಟೀರಿಯಾ ಮುಂತಾದ ಜೀವಿಗಳು ನೆಲೆಸಿರುವ ಬಂಡೆ), ಬಿಸಿಲು ಮತ್ತು ಗಾಳಿ ಊದುವ ಒಂದು ಕೊಳವೆಯನ್ನು ಬಿಟ್ಟರೆ ಬೇರೆ ಸೋಸುವ ಏರ್ಪಾಡು ಇರಲಿಲ್ಲ. ಆಮೇಲೆ ಜರ್ಮನಿಯಲ್ಲಿ ರೂಪುಗೊಂಡ ಬರ್ಲಿನ್ ಪದ್ಧತಿ ಅದೇ ಜೀವಂತ ಬಂಡೆಗೆ ಪ್ರಬಲವಾದ ಸ್ಕಿಮ್ಮರ್ ಮತ್ತು ಸುಣ್ಣದ ತಿಳಿನೀರನ್ನು ಸೇರಿಸಿತು. ಇಂದು ಎಲ್ಲರೂ ಸ್ಕಿಮ್ಮರ್ ಬೇಕೆನ್ನುವುದಕ್ಕೆ ಮೂಲ ಅಲ್ಲಿದೆ. ಈ ಎರಡರಲ್ಲೂ ಸಮಾನವಾಗಿರುವುದು ಬಂಡೆ, ಮತ್ತು ನಮಗೆ ತೊಡಕಿರುವುದು ಅಲ್ಲಿಯೇ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ 2001ರಿಂದ ಇವೆ. ಘಟ್ಟ ಇಳಿದರೆ ಮುರುಡೇಶ್ವರದ ಎದುರಿಗೇ ನೇತ್ರಾಣಿ ದ್ವೀಪವಿದ್ದರೂ ಅಲ್ಲಿನ ಹವಳವನ್ನಾಗಲಿ ಹವಳ ಹತ್ತಿದ ಬಂಡೆಯನ್ನಾಗಲಿ ತರುವುದು ಅಪರಾಧ, ತರಲೂಬಾರದು. ಹವಳವನ್ನು ಕಾಗದಪತ್ರವಿರುವ ಕಡೆಯಿಂದಲೇ ಕೊಳ್ಳಬೇಕು. ಬಂಡೆಯೆಂದರೆ ನಮಗೆ ಒಣ ಬಂಡೆ. ಅದರಲ್ಲಿ ಮೊದಲ ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆ, ಕೆಲವು ಬಂಡೆಗಳು ಫಾಸ್ಫೇಟನ್ನೂ ಬಿಡುತ್ತವೆ. ಜೀವಂತ ಬಂಡೆಯ ಬಲದ ಮೇಲೆ ಸ್ಕಿಮ್ಮರ್ ಬಿಟ್ಟವರ ಅನುಭವವನ್ನು ಒಣ ಬಂಡೆಯ ಹೊಸ ತೊಟ್ಟಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಹಾಗಾದರೆ ಯಾರಿಗೆ ಬೇಡ? ನೂರು ಲೀಟರಿನ ಒಳಗಿನ ತೊಟ್ಟಿ, ಒಂದೆರಡು ಚಿಕ್ಕ ಮೀನು, ಮಶ್ರೂಮ್, ಜೋಆಂಥಸ್, ಲೆದರ್‌ನಂಥ ಮೆತ್ತನೆಯ ಹವಳಗಳು ಇರುವವರಿಗೆ ಬೇಡ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಲ್ಲಿ ನೀರು ಬದಲಿಸುವುದೊಂದೇ ಸಾಕು, ಅದಕ್ಕೂ ಲೆಕ್ಕವಿದೆ. ವಾರಕ್ಕೆ ಲೀಟರಿಗೆ ಎರಡು ಮಿಲಿಗ್ರಾಂ ನೈಟ್ರೇಟ್ ಸೇರುವ ತೊಟ್ಟಿಯಲ್ಲಿ ವಾರವಾರವೂ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ನೈಟ್ರೇಟ್ ಏರುತ್ತ ಏರುತ್ತ 20ರ ಹತ್ತಿರ ನಿಲ್ಲುತ್ತದೆ. ಐದನೇ ಒಂದು ಪಾಲು ಬದಲಿಸಿದರೆ 10ರ ಹತ್ತಿರ ನಿಲ್ಲುತ್ತದೆ. 60 ಲೀಟರಿನ ತೊಟ್ಟಿಗೆ ಐದನೇ ಒಂದು ಪಾಲೆಂದರೆ 12 ಲೀಟರ್ ನೀರು, ಸುಮಾರು 450 ಗ್ರಾಂ ಉಪ್ಪು, ಒಂದು ಬಕೆಟ್ಟಿನ ಕೆಲಸ. ಅದೇ ಅಳತೆ 400 ಲೀಟರಿನ ತೊಟ್ಟಿಗೆ 80 ಲೀಟರ್ ನೀರು, ಮೂರು ಕಿಲೋ ಉಪ್ಪು ಕೇಳುತ್ತದೆ. ಬೆಂಗಳೂರಿನಿಂದ ಉಪ್ಪಿನ ಡಬ್ಬಿ ತರಿಸಿ, ಅಷ್ಟು ನೀರನ್ನು, ಕರಗಿದ ಲವಣಗಳನ್ನು ತೆಗೆಯುವ ಆರ್‌ಓ ಮತ್ತು ಡಿಐ ಶೋಧಕಗಳಲ್ಲಿ ಇಳಿಸಿ, ಅದರ ಎರಡು ಮೂರು ಪಟ್ಟು ನೀರನ್ನು ಹೊರಗೆ ಬಿಟ್ಟು, ವಾರ ತಪ್ಪದೆ ಇದನ್ನು ಮಾಡುವುದು ಎಷ್ಟು ಕಾಲ ನಡೆಯುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು. ಇನ್ನೂರು ಲೀಟರ್ ದಾಟಿ, ಐದಾರು ಮೀನುಗಳಿಗೆ ದಿನಕ್ಕೆರಡು ಬಾರಿ ಆಹಾರ ಹಾಕುವವರು ಸ್ಕಿಮ್ಮರ್ ಇಡುವುದು ಲೇಸು.

ಈ ಎರಡರ ನಡುವಿನ ತೊಟ್ಟಿಗಳಲ್ಲಿ ಪಾಚಿ ಒಳ್ಳೆಯ ಪರ್ಯಾಯ. ಮುಖ್ಯ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ನೀರು ಇಳಿದು ಬರುವ ಎರಡನೆಯ ತೊಟ್ಟಿಯೊಂದಿದ್ದರೆ, ಅದರ ಒಂದು ಮೂಲೆಯಲ್ಲಿ ಕೀಟೋಮಾರ್ಫಾ ಎಂಬ ನಾರುನಾರಾದ ಪಾಚಿಯನ್ನು ದೀಪದಡಿ ಬೆಳೆಸಿ ವಾರಕ್ಕೊಮ್ಮೆ ಒಂದು ಹಿಡಿ ತೆಗೆದು ಎಸೆಯಬಹುದು. ಆ ಪಾಚಿ ಸ್ಕಿಮ್ಮರ್ ಮುಟ್ಟದ ನೈಟ್ರೇಟ್, ಫಾಸ್ಫೇಟನ್ನೇ ತಿಂದು ಬೆಳೆಯುತ್ತದೆ. ಮುಖ್ಯ ದೀಪ ಆರಿದ ಮೇಲೆ ಪಾಚಿಯ ದೀಪ ಹೊತ್ತಿಸಿದರೆ ರಾತ್ರಿಯ ಹೊತ್ತು ಪಿಎಚ್ (ನೀರಿನ ಆಮ್ಲೀಯತೆ, ಕ್ಷಾರೀಯತೆಯ ಅಳತೆ) ಕುಸಿಯುವುದೂ ಕಡಿಮೆಯಾಗುತ್ತದೆ. ವಿನೆಗರ್ ಅಥವಾ ವೋಡ್ಕಾದಂಥ ಇಂಗಾಲದ ಮೂಲವನ್ನು ಹನಿಹನಿಯಾಗಿ ಸೇರಿಸಿ ಬ್ಯಾಕ್ಟೀರಿಯಾ ಬೆಳೆಸುವ ಇನ್ನೊಂದು ದಾರಿಯಿದೆ. ಆದರೆ ಬೆಳೆದ ಬ್ಯಾಕ್ಟೀರಿಯಾವನ್ನು ಹೊರಗೆ ತೆಗೆಯಲೂ, ಅವು ಬಳಸಿದ ಆಮ್ಲಜನಕವನ್ನು ತುಂಬಿಕೊಡಲೂ ಸ್ಕಿಮ್ಮರ್ ಬೇಕಾಗುವುದರಿಂದ, ಸ್ಕಿಮ್ಮರ್ ಇಲ್ಲದವರು ಆ ದಾರಿಗೆ ಹೋಗಬಾರದು. ಮೆತ್ತನೆಯ ಹವಳಗಳು ಅಕ್ಕಪಕ್ಕದ ಹವಳಗಳನ್ನು ಹಿಮ್ಮೆಟ್ಟಿಸಲು ನೀರಿಗೆ ವಿಷಕಾರಿ ಪದಾರ್ಥಗಳನ್ನು ಬಿಡುವುದುಂಟು. ಅವುಗಳ ಜೊತೆಗೆ ಅಕ್ರೊಪೋರಾದಂಥ ಸೂಕ್ಷ್ಮ ಹವಳವನ್ನೂ ಇಟ್ಟವರು ಬೇರೇನಿದ್ದರೂ ಇದ್ದಿಲಿನ ಚೀಲವೊಂದನ್ನು ತಪ್ಪದೆ ಇಟ್ಟಿರಬೇಕು.

ಇನ್ನು ಗಾಳಿಯ ವಿಷಯ. 25 ಡಿಗ್ರಿ ಉಷ್ಣತೆಯ ಸಮುದ್ರದ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸಿಹಿನೀರು ಹಿಡಿಯುವುದಕ್ಕಿಂತ ಇದು ಕಡಿಮೆ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಶೇಕಡ ಆರರಷ್ಟು ಕಡಿಮೆಯಾಗಿ, ಆಮ್ಲಜನಕವೂ ಅದೇ ಪ್ರಮಾಣದಲ್ಲಿ ತಗ್ಗಿ 6.3ರ ಹತ್ತಿರ ಬರುತ್ತದೆ. ಹಗಲು ದೀಪವಿರುವಾಗ ಹವಳದೊಳಗಿನ ಪಾಚಿಕಣಗಳು ಆಮ್ಲಜನಕ ಕೊಡುತ್ತಿರುತ್ತವೆ. ರಾತ್ರಿ ಮೀನು, ಹವಳ, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಅದನ್ನು ಬಳಸುವವೇ ಆಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಬಾಗಿಲು ಮುಚ್ಚಿದ ಮನೆಯಲ್ಲಿ, ಜನರ ಉಸಿರು, ಅಡುಗೆಯ ಗ್ಯಾಸು, ಬಚ್ಚಲ ಒಲೆಯ ಹೊಗೆ ಸೇರಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ, ನೀರು ಅದನ್ನು ಹೀರಿಕೊಂಡು 8.2 ಇರಬೇಕಾದ ಪಿಎಚ್ 7.8ಕ್ಕೆ ಇಳಿಯುವುದು ಅಪರೂಪವಲ್ಲ. ಪಿಎಚ್ ಇಳಿದಷ್ಟೂ ಗಟ್ಟಿ ಹವಳಕ್ಕೆ ಅಸ್ಥಿಪಂಜರ ಕಟ್ಟುವುದು ಕಷ್ಟವಾಗುತ್ತದೆ. ಕೊಳೆ ತೆಗೆಯುವುದನ್ನು ಒಂದು ಕ್ಷಣ ಬದಿಗಿಟ್ಟು ನೋಡಿದರೆ, ತೊಟ್ಟಿಯ ನೀರನ್ನೂ ಗಾಳಿಯನ್ನೂ ಸ್ಕಿಮ್ಮರ್‌ನಷ್ಟು ಚೆನ್ನಾಗಿ ಬೆರೆಸುವ ಸಾಧನ ಇನ್ನೊಂದಿಲ್ಲ. ಅದು ಗಾಳಿ ಎಳೆಯುವ ಕೊಳವೆಗೆ ಉದ್ದನೆಯ ಪೈಪು ಜೋಡಿಸಿ ಕಿಟಕಿಯ ಹೊರಗೆ, ಮಳೆ ಬಡಿಯದ ಸೂರಿನಡಿ ಬಾಯಿ ಕೆಳಮುಖವಾಗಿರುವಂತೆ ಇಟ್ಟರೆ, ಮುಚ್ಚಿದ ಮನೆಯಲ್ಲೂ ತೊಟ್ಟಿಗೆ ಹೊರಗಿನ ಗಾಳಿಯೇ ಸಿಗುತ್ತದೆ. ಮಲೆನಾಡಿನಲ್ಲಿ ಮಧ್ಯಮ ಗಾತ್ರದ ತೊಟ್ಟಿಗೂ ಸ್ಕಿಮ್ಮರ್ ಒಳ್ಳೆಯದೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಇದೇ ಕಾರಣಕ್ಕೆ ಒಂದು ಎಚ್ಚರವೂ ಬೇಕು. ಸ್ಕಿಮ್ಮರ್ ಎಳೆಯುವ ಗಾಳಿಯಲ್ಲಿ ಏನಿದ್ದರೂ ಅದು ನೀರಿಗೆ ಬರುತ್ತದೆ: ಸೊಳ್ಳೆಬತ್ತಿಯ ಹೊಗೆ, ಬಣ್ಣದ ವಾಸನೆ, ಜಿರಲೆಗೆ ಹೊಡೆಯುವ ಔಷಧಿ, ಎಲ್ಲವೂ. ಅಡಿಕೆ ತೋಟದ ನಡುವಿನ ಮನೆಯವರು ಕೊಳೆ ರೋಗಕ್ಕೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನ ಆ ಪೈಪನ್ನು ಒಳಗೆ ಎಳೆದುಕೊಳ್ಳಲೇಬೇಕು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಲೀಟರಿಗೆ ಒಂದು ಮಿಲಿಗ್ರಾಂನ ಹತ್ತನೇ ಒಂದೆರಡು ಪಾಲು ತಾಮ್ರ ಸಾಕು, ಸೀಗಡಿ, ಶಂಖದಹುಳು, ಹವಳಗಳು ಸಾಯುತ್ತವೆ. ಔಷಧಿ ಕಲಸಿದ ಕೈಯನ್ನು ತೊಟ್ಟಿಗೆ ಹಾಕಬಾರದು. ತೋಟದ ಬಾವಿಯ ನೀರು ಎಷ್ಟೇ ತಿಳಿಯಾಗಿ, ಮೆದುವಾಗಿ ಇದ್ದರೂ ಆರ್‌ಓ ಮತ್ತು ಡಿಐ ಶೋಧಕಗಳನ್ನು ದಾಟಿಸದೆ ಬಳಸಬಾರದು. ನೀರಿನಲ್ಲಿ ಸೇರಿದ ತಾಮ್ರವನ್ನು ಸ್ಕಿಮ್ಮರ್ ತೆಗೆದುಬಿಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮಳೆಗಾಲದ ಇನ್ನೊಂದು ತೊಂದರೆ ವಿದ್ಯುತ್ತಿನದು. ಮರ ಬಿದ್ದು ಲೈನ್ ಹೋದರೆ ಒಳಊರುಗಳಲ್ಲಿ ಕರೆಂಟ್ ಬರುವುದು ಮರುದಿನವೋ ಅದರ ಮಾರನೆಯ ದಿನವೋ ಎಂದು ಹೇಳಲಾಗುವುದಿಲ್ಲ. ಯುಪಿಎಸ್‌ಗೆ ಮೊದಲು ಜೋಡಿಸಬೇಕಾದದ್ದು ಸ್ಕಿಮ್ಮರನ್ನಲ್ಲ, ನೀರಿನ ಮೇಲ್ಮೈಯನ್ನು ಅಲುಗಾಡಿಸುವ ಒಂದು ಚಿಕ್ಕ ಪಂಪನ್ನು; ಅದು ಕಡಿಮೆ ವಿದ್ಯುತ್ತಿನಲ್ಲಿ ಬಹಳ ಹೊತ್ತು ಓಡುತ್ತದೆ. ಸೆಲ್ಲಿನಿಂದ ಓಡುವ ಗಾಳಿ ಪಂಪೊಂದನ್ನು ಕೈಗೆ ಸಿಗುವಂತೆ ಇಟ್ಟಿರಬೇಕು. ಕರೆಂಟ್ ಹೋದಾಗ ಮೇಲಿನ ತೊಟ್ಟಿಯ ನೀರು ಕೆಳಗಿಳಿದು, ಸ್ಕಿಮ್ಮರ್ ಇಟ್ಟಿರುವ ಕೆಳತೊಟ್ಟಿಯ ಮಟ್ಟ ಏರುವುದರಿಂದ, ಕರೆಂಟ್ ಬಂದ ಕ್ಷಣ ಸ್ಕಿಮ್ಮರ್ ಜೋರಾಗಿ ಉಕ್ಕಿ ಬಟ್ಟಲಿನ ಕೊಳೆಯೆಲ್ಲ ತೊಟ್ಟಿಗೇ ಮರಳುವ ಅಪಾಯವಿದೆ. ಬಟ್ಟಲನ್ನು ಪೂರ್ತಿ ತುಂಬಲು ಬಿಡದಿರುವುದು, ಬಟ್ಟಲಿನಿಂದ ಹೊರಗಿನ ಡಬ್ಬಿಗೆ ಒಂದು ಪೈಪು ಇಳಿಬಿಡುವುದು, ಹತ್ತು ನಿಮಿಷ ತಡವಾಗಿ ಚಾಲೂ ಆಗುವ ಸ್ವಿಚ್ಚು ಹಾಕಿಸುವುದು, ಇವುಗಳಲ್ಲಿ ಯಾವುದಾದರೂ ಒಂದು ಇರಲೇಬೇಕು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬರೆದ ಲೀಟರುಗಳನ್ನು ಅಕ್ಷರಶಃ ನಂಬಬಾರದು. ಅದು ಬಹುಮಟ್ಟಿಗೆ ಮೀನು ಕಡಿಮೆಯಿರುವ ತೊಟ್ಟಿಯ ಲೆಕ್ಕ. ಹಾಗೆಂದು ಅತಿ ದೊಡ್ಡದನ್ನು ತಂದರೂ ಪ್ರಯೋಜನವಿಲ್ಲ, ಏಕೆಂದರೆ ನೊರೆ ನಿಲ್ಲಲು ಸಾಕಷ್ಟು ಸಾವಯವ ಪದಾರ್ಥವಿಲ್ಲದೆ ಅದು ಕತ್ತಿನ ಅರ್ಧಕ್ಕೆ ಏರಿ ಕುಸಿಯುತ್ತಿರುತ್ತದೆ. ಹೊಸ ಯಂತ್ರ ಹದಕ್ಕೆ ಬರಲು ಕೆಲವು ದಿನಗಳಿಂದ ಎರಡು ವಾರಗಳವರೆಗೆ ಬೇಕು. ಸರಿಯಾಗಿ ಓಡುತ್ತಿರುವ ಸ್ಕಿಮ್ಮರನ್ನು ಹತ್ತಿರದಿಂದ ನೋಡಿದರೆ ಒಳಗಿನ ನೀರು ಹಾಲಿನಂತೆ ಬೆಳ್ಳಗಿರುತ್ತದೆ, ಗುಳ್ಳೆಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಆಗುವುದಿಲ್ಲ. ಕತ್ತಿನ ಬುಡದಲ್ಲಿ ನೊರೆ ನಿಧಾನವಾಗಿ, ಮುದ್ದೆಯಾಗಿ ಏರುತ್ತದೆ, ಗೋಡೆಗೆ ಕಂದು ಜಿಡ್ಡು ಕಟ್ಟುತ್ತದೆ, ಬಟ್ಟಲಿನಲ್ಲಿ ಕಡು ಚಹಾದ ಬಣ್ಣದ, ಮೂಗು ಮುಚ್ಚಿಕೊಳ್ಳಬೇಕಾದಷ್ಟು ನಾರುವ ದ್ರವ ನಿಲ್ಲುತ್ತದೆ. ತಿಳಿ ಹಳದಿ ನೀರೇ ಬರುತ್ತಿದ್ದರೆ ಒಳಗಿನ ಮಟ್ಟವನ್ನು ತುಸು ಇಳಿಸಬೇಕು. ಆ ಕತ್ತಿನ ಜಿಡ್ಡನ್ನು ವಾರಕ್ಕೊಮ್ಮೆ ಒರೆಸದಿದ್ದರೆ ನೊರೆ ಏರುವುದೇ ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಗುಳ್ಳೆ ಕಡಿಮೆಯಾದರೆ ಹೆಚ್ಚಿನ ಸಲ ಕಾರಣ ಗಾಳಿ ಒಳಬರುವ ಸಣ್ಣ ಮೂತಿಯಲ್ಲಿ ಗಟ್ಟಿಯಾಗಿ ಕೂತ ಉಪ್ಪು. ಒಂದು ಲೋಟ ಬೆಚ್ಚಗಿನ ಸಿಹಿನೀರನ್ನು ಆ ಕೊಳವೆಯಲ್ಲಿ ಎಳೆಸಿದರೆ ಅದು ಕರಗಿಹೋಗುತ್ತದೆ. ಹವಳಗಳಿಗೆ ಪುಡಿ ಆಹಾರ ಹಾಕುವಾಗ ಗಂಟೆಯ ಕಾಲ ಸ್ಕಿಮ್ಮರ್ ನಿಲ್ಲಿಸಬೇಕು, ಇಲ್ಲವಾದರೆ ಆಹಾರವೂ ಬಟ್ಟಲಿಗೇ ಹೋಗುತ್ತದೆ.

ಶುದ್ಧಿ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಹವಳಕ್ಕೆ ಕೆಡುಕು ಮಾಡುತ್ತದೆ. ಮೀನು ಕಡಿಮೆಯಿರುವ ತೊಟ್ಟಿಯಲ್ಲಿ ಸ್ಕಿಮ್ಮರ್, ಪಾಚಿ, ಫಾಸ್ಫೇಟ್ ಹೀರುವ ಹರಳು ಎಲ್ಲವನ್ನೂ ಒಟ್ಟಿಗೆ ಓಡಿಸಿದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದು ಹವಳ ಬಣ್ಣ ಕಳೆದುಕೊಳ್ಳುತ್ತದೆ. ಬಂಡೆ ಮತ್ತು ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆಯಾಗಿ ಡೈನೋಫ್ಲಾಜೆಲೇಟುಗಳೆಂಬ ಸೂಕ್ಷ್ಮಜೀವಿಗಳು ಹಬ್ಬುತ್ತವೆ, ಒಮ್ಮೆ ಹಬ್ಬಿದರೆ ಅವನ್ನು ಹತ್ತಿಕ್ಕುವುದು ಸುಲಭವಲ್ಲ. ಮನೆಯ ತೊಟ್ಟಿಗೆ ಲೀಟರಿಗೆ ನೈಟ್ರೇಟ್ ಎರಡರಿಂದ ಹತ್ತು, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಇರುವುದು ಹಿತ. ಅದಕ್ಕಿಂತ ಕೆಳಗೆ ಹೋಗುತ್ತಿದ್ದರೆ ಸ್ಕಿಮ್ಮರನ್ನು ದಿನದಲ್ಲಿ ಕೆಲವು ಗಂಟೆ ನಿಲ್ಲಿಸುವುದಕ್ಕಿಂತ ಮೀನಿಗೆ ಸ್ವಲ್ಪ ಹೆಚ್ಚು ಆಹಾರ ಹಾಕುವುದೇ ಮೇಲು, ಏಕೆಂದರೆ ಗಾಳಿ ತಪ್ಪುವುದಿಲ್ಲ, ಹವಳಕ್ಕೂ ಉಣ್ಣಲು ಸಿಗುತ್ತದೆ.

ಈಗಾಗಲೇ ಸ್ಕಿಮ್ಮರ್ ಇದ್ದು ಅದು ನಿಜಕ್ಕೂ ಬೇಕೇ ಎಂದು ಅನುಮಾನಿಸುವವರು ಪರೀಕ್ಷೆ ಮಾಡಿಯೇ ತಿಳಿಯಬಹುದು. ತೊಟ್ಟಿಗೆ ವರ್ಷ ಕಳೆದಿರಬೇಕು, ಹೊಸ ಮೀನು ಸೇರಿಸಿರಬಾರದು. ಒಂದು ಪಂಪಿನ ಬಾಯನ್ನು ಮೇಲ್ಮೈ ಕಡೆಗೆ ತಿರುಗಿಸಿ, ಸ್ಕಿಮ್ಮರ್ ನಿಲ್ಲಿಸಿ, ಅದರೊಳಗಿನ ನೀರು ಕೆಡುವ ಮುಂಚೆ ಯಂತ್ರವನ್ನು ಹೊರತೆಗೆದು ತೊಳೆದಿಡಬೇಕು. ಮೊದಲ ಮೂರು ದಿನ ಬೆಳಗಿನ ಜಾವ, ದೀಪ ಹೊತ್ತುವ ಮುಂಚೆ, ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿವೆಯೇ ಎಂದು ನೋಡಿ ಪಿಎಚ್ ಅಳೆಯಬೇಕು. ಆಮೇಲೆ ಆರು ವಾರ, ವಾರಕ್ಕೊಮ್ಮೆ ನೈಟ್ರೇಟ್ ಮತ್ತು ಫಾಸ್ಫೇಟ್ ಬರೆದಿಟ್ಟುಕೊಳ್ಳಬೇಕು. ನೈಟ್ರೇಟ್ ಮಾತ್ರ ನಿಧಾನವಾಗಿ ಏರಿದರೆ ನೀರು ಬದಲಿಸುವುದನ್ನು ಹೆಚ್ಚಿಸಿ ಅಥವಾ ಪಾಚಿ ಬೆಳೆಸಿ ಸ್ಕಿಮ್ಮರ್ ಇಲ್ಲದೆಯೇ ಮುಂದುವರಿಯಬಹುದು. ಬೆಳಗಿನ ಪಿಎಚ್ 7.8ಕ್ಕಿಂತ ಕೆಳಗಿಳಿದರೆ ಯಂತ್ರವನ್ನು ಮತ್ತೆ ಕೂರಿಸಿ ಅದರ ಕೊಳವೆಯನ್ನು ಹೊರಗಿನ ಗಾಳಿಗೆ ಜೋಡಿಸಬೇಕು. ಈ ಪರೀಕ್ಷೆಗೆ ಕಿಟಕಿ ತೆರೆದಿಡಬಹುದಾದ ಜನವರಿ, ಫೆಬ್ರವರಿ ಅನುಕೂಲ. ಆದರೆ ಆಗ ಸಿಕ್ಕ ಪಿಎಚ್ ಅಂಕಿಯನ್ನು ಮಳೆಗಾಲಕ್ಕೆ ಹಾಗೆಯೇ ನಂಬದೆ, ಜೂನ್‌ನಲ್ಲಿ ಕಿಟಕಿ ಮುಚ್ಚಿದ ಮೊದಲ ವಾರ ಬೆಳಗಿನ ಜಾವದ ಅಳತೆಯನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು.